ಈರಣ್ಣನ ಪಂಪೂ ನಮ್ಮ ಪರವಾಗಿಲ್ಲವೂ

ಕಳೆದ ವಾರ ನಮ್ಮ ಅತ್ತೆಯ ಎಡಗಿವಿ ಕಳೆದುಹೋಗಿತ್ತು.

ಗಾಬರಿಯಾಗಬೇಡಿ. ಹುಟ್ಟಿನಿಂದ ಬಂದ ಕಿವಿ ಓಲೆಯ ಸಮೇತ ಅದರ ಜಾಗದಲ್ಲೇ ಭದ್ರವಾಗಿದೆ. ಕಳೆದದ್ದು ವಿಜಯನಗರದ ಕಿವಿ ಡಾಕ್ಟರು ಕೊಟ್ಟ ಕಿವಿ. ಕಡಲೆಬೀಜದಷ್ಟು ಗಾತ್ರ, ಅದಕ್ಕೊಂದು ತೆಳ್ಳನೆಯ ವೈರು. ಅದಕ್ಕೆ ಹಿಯರಿಂಗ್ ಏಡ್ ಅನ್ನುವ ದೊಡ್ಡ ಹೆಸರಿದ್ದರೂ ನಮ್ಮ ಮನೆಯಲ್ಲಿ ಅದು ಬರೀ ಕಿವಿ. "ಅಮ್ಮಾ, ಕಿವಿ ಹಾಕ್ಕೊಂಡ್ಯಾ?" ಅಂತ ನಮ್ಮ ಯಜಮಾನರು ಬೆಳಿಗ್ಗೆ ಕೂಗುವುದನ್ನು ಹೊಸಬರು ಯಾರಾದರೂ ಕೇಳಿದರೆ ಈ ಮನೆಯವರ ಬಗ್ಗೆ ಏನಂದುಕೊಳ್ಳುತ್ತಾರೋ ಗೊತ್ತಿಲ್ಲ.

ಹುಡುಕಾಟ ಶುರುವಾಯಿತು. ನಾನು ಸೋಫಾದ ಸಂದಿಗೆ ಕೈ ಹಾಕಿದೆ. ಒಂದು ಪೆನ್ನು, ಎರಡು ಹೇರ್‌ಪಿನ್ನು, ಯಾವುದೋ ಕಾಲದ ಗೋಡಂಬಿ ಸಿಕ್ಕವು. ಯಜಮಾನರು ಟಾರ್ಚ್ ಹಿಡಿದು ಮಂಚದ ಕೆಳಗೆ ಮಲಗಿದರು. (ಅವರು ಸರ್ಕಾರಿ ಇಂಜಿನಿಯರ್ ಆಗಿ ರಿಟೈರ್ ಆದವರು. ಯಾವ ಕೆಲಸವನ್ನಾದರೂ ತಳಮಟ್ಟದಿಂದ ಪರಿಶೀಲಿಸುವ ಅಭ್ಯಾಸ.) ವಾಷಿಂಗ್ ಮೆಷೀನಿನ ಫಿಲ್ಟರ್ ಬಿಚ್ಚಿದ್ದಾಯಿತು, ಕಸದ ಬುಟ್ಟಿ ಸುರಿದದ್ದೂ ಆಯಿತು. ಕಿವಿಯ ಒಡತಿ ಮಾತ್ರ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಾ ನಮ್ಮಿಬ್ಬರನ್ನು ನೋಡುತ್ತಿದ್ದರು. ಟೀವಿ ನೋಡುವಾಗ ಇರುತ್ತದಲ್ಲ, ಆ ಮುಖ.

ಸಂಜೆ ದೀಪ ಹಚ್ಚಲು ದೇವರ ಮನೆಗೆ ಹೋದೆ. ವಿಭೂತಿ ಡಬ್ಬದ ಮುಚ್ಚಳ ತೆಗೆದೆ. ವಿಭೂತಿ ಗಟ್ಟಿಯ ಪಕ್ಕದಲ್ಲಿ, ಮೈಗೆಲ್ಲ ಬೂದಿ ಬಳಿದುಕೊಂಡು, ಎಡಗಿವಿ ಮಲಗಿತ್ತು. ಅದರ ಜೊತೆಗೆ ಬಲಗಿವಿಯೂ ಇತ್ತು. ಅದು ಕಳೆದಿದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ.

"ಅತ್ತೇ! ಇದನ್ನ ಇಲ್ಲಿ ಯಾಕಿಟ್ರಿ?" ಅಂತ ಕೂಗಿದೆ. ಅವರಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ, ಕಿವಿಯನ್ನು ಅಂಗೈಯಲ್ಲಿ ತೋರಿಸಿ, ಮತ್ತೊಮ್ಮೆ ಕೂಗಿದೆ.

"ಶಿವ ಕೇಳಿಸ್ಕೊಳ್ಳಲಿ ಬಿಡಮ್ಮ. ನನಗೆ ಸಾಕಾಗೈತೆ" ಅಂದರು.

"ಏನು ಸಾಕಾಗಿದೆ?"

"ಈರಣ್ಣನ ಪಂಪು."

ಈರಣ್ಣ ನಮ್ಮ ಪಕ್ಕದ ಸೈಟಿನವರು. ನಾವು ಮೂಡಲಪಾಳ್ಯದಲ್ಲಿ ಮನೆ ಕಟ್ಟಿದಾಗ ಪಕ್ಕದಲ್ಲಿ ಬರೀ ಪಾರ್ಥೇನಿಯಂ, ಜೊತೆಗೆ 'ಈ ಸೈಟು ಮಾರಾಟಕ್ಕಿಲ್ಲ' ಅನ್ನುವ ಬೋರ್ಡು. ಆಮೇಲೆ ಗದಗದ ಕಡೆಯಿಂದ ಬಂದ ಈರಣ್ಣ ಅದನ್ನು ಬಾಡಿಗೆಗೆ ಹಿಡಿದು, ಶೀಟು ಹೊದಿಸಿ, ಚಟ್ನಿಪುಡಿ ಯೂನಿಟ್ ಶುರು ಮಾಡಿದರು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಕಡಕ್ ರೊಟ್ಟಿ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವುದಾದರೂ ಅಂಗಡಿಯಲ್ಲಿ ಗಾಳಿ ತೆಗೆದು ಇಟ್ಟಿಗೆಯಂತೆ ಗಟ್ಟಿಯಾದ ಚಟ್ನಿಪುಡಿ ಪ್ಯಾಕೆಟ್ ಕಂಡರೆ, ಅದು ನಮ್ಮ ಗೋಡೆಯ ಆಚೆಯಿಂದ ಹೋಗಿದ್ದರೂ ಹೋಗಿರಬಹುದು.

ಗಾಳಿ ತೆಗೆಯುವುದು ಇದೆಯಲ್ಲ, ತೊಂದರೆ ಇರುವುದೇ ಅಲ್ಲಿ.

ವ್ಯಾಕ್ಯೂಮ್ ಅಂದರೆ ನಿರ್ವಾತ ಅಂತ ನಿಮಗೂ ನನಗೂ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರೆ. ಏನೂ ಇಲ್ಲದ ಸ್ಥಿತಿ. ಗಾಳಿ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಗಾಜಿನ ಜಾಡಿಯೊಳಗೆ ಗಂಟೆ ಇಟ್ಟು, ಗಾಳಿ ಎಳೆದುಬಿಟ್ಟರೆ ಗಂಟೆ ಕೇಳಿಸುವುದಿಲ್ಲ ಅನ್ನುವ ಚಿತ್ರ ನೆನಪಿದೆಯಾ? ಆ ಪಾಠದಲ್ಲಿ ಮೇಷ್ಟ್ರು ಒಂದು ವಿಷಯ ಬಿಟ್ಟಿದ್ದರು. ಜಾಡಿಯೊಳಗಿನ ಗಂಟೆಯೇನೋ ಸುಮ್ಮನಾಗುತ್ತದೆ. ಗಾಳಿ ಎಳೆಯುವ ಪಂಪು ಜಾಡಿಯ ಹೊರಗೆ, ನಮ್ಮ ಕಡೆ ಇರುತ್ತದೆ.

ಈರಣ್ಣನದು ಸಣ್ಣ ಪಂಪೇನಲ್ಲ. ಪೀಣ್ಯದಲ್ಲಿ ಯಾವುದೋ ದೊಡ್ಡ ಕಾರ್ಖಾನೆಯಲ್ಲಿ ದುಡಿದು, ಸೆಕೆಂಡ್ ಹ್ಯಾಂಡ್ ಆಗಿ ಇಲ್ಲಿಗೆ ಬಂದದ್ದು. ಬೆಳಿಗ್ಗೆ ಸ್ವಿಚ್ ಹಾಕಿದರೆ ಗುರ್ರ್ ಅಂತ ಏಳುತ್ತದೆ. ಆಮೇಲೆ ಗೊಂಯ್ ಅನ್ನುತ್ತದೆ. ಪ್ಯಾಕೆಟ್ಟಿನ ಬಾಯಿ ಮುಚ್ಚಿದ ಮೇಲೆ ಪುಸ್ ಅನ್ನುತ್ತದೆ. ಮತ್ತೆ ಗುರ್ರ್. ಸಂಜೆಯವರೆಗೆ ಇದೇ. ಅದನ್ನು ನಮ್ಮ ಅಡುಗೆಮನೆಯ ಗೋಡೆಗೆ ತಾಗಿಸಿ ಇಟ್ಟಿದ್ದರಿಂದ ಗೋಡೆಯೇ ಗುಂಯ್‌ಗುಡುತ್ತಿತ್ತು, ಸ್ಟ್ಯಾಂಡಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಏನೂ ಇಲ್ಲದಂತೆ ಮಾಡುವುದಕ್ಕೆ ಇಷ್ಟೊಂದು ಸದ್ದು ಬೇಕಾ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಿಮ್ಮ ಪಕ್ಕದಲ್ಲೂ ಏನಾದರೊಂದು ಇದ್ದೇ ಇರುತ್ತದೆ. ಟೈಲ್ಸ್ ಕತ್ತರಿಸುವವರು? ವೆಲ್ಡಿಂಗ್ ಶಾಪು? ಭಾನುವಾರವೂ ಬಿಡದ ಬೋರ್‌ವೆಲ್? ಹೇರೋಹಳ್ಳಿಯಲ್ಲಿರುವ ನನ್ನ ತಂಗಿಯ ಮನೆ ಪಕ್ಕ ಹೊಸ ಹೊಸ ಕಟ್ಟಡ ಏಳುತ್ತಲೇ ಇವೆ. ಅವಳು ಫೋನ್ ಮಾಡಿದರೆ ಮೊದಲು ಡ್ರಿಲ್ಲಿಂಗ್ ಮೆಷೀನ್ ಹಲೋ ಅನ್ನುತ್ತದೆ, ಆಮೇಲೆ ಅವಳು.

"ಹಾಗಾದ್ರೆ ಹೋಗಿ ಹೇಳಬಾರದಿತ್ತಾ ಮೇಡಂ?" ಅಂತ ನೀವು ಕೇಳುತ್ತೀರಿ. ಹೋಗಿದ್ದೆ ಕಣ್ರಿ! ಪಂಪು ಬಂದ ಹೊಸತರಲ್ಲೇ ಹೋಗಿದ್ದೆ. ಸೆರಗು ಬಿಗಿ ಮಾಡಿಕೊಂಡು, ಹೇಳಬೇಕಾದ ಮಾತನ್ನು ಗೇಟಿನವರೆಗೂ ಗುನುಗಿಕೊಂಡು, ಜಗಳಕ್ಕೆ ಪೂರ್ತಿ ರೆಡಿಯಾಗಿಯೇ ಹೋಗಿದ್ದೆ.

"ಬರ್ರಿ ಅಕ್ಕಾರ, ಬರ್ರಿ ಬರ್ರಿ! ಕುಂದರ್ರಿ" ಅಂತ ಈರಣ್ಣ ಇದ್ದ ಒಂದೇ ಕುರ್ಚಿಯ ಮೇಲಿನ ಪುಡಿ ಒರೆಸಿ ಕೂರಿಸಿದರು. ಚಹಾ ಬಂತು. ರೊಟ್ಟಿ ಬಂತು, ರೊಟ್ಟಿಯ ಮೇಲೆ ಚಟ್ನಿಪುಡಿ ಬಂತು, ಪುಡಿಯ ಮೇಲೆ ಮೊಸರು ಬಂತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಕೇಳಿಬಿಟ್ಟರು.

"ಪಂಪಿನ ಸಪ್ಪಳ ಭಾಳ ಆತೇನ್ರೀ ನಿಮಗ?"

ನೋಡಿ, ಎಂಥ ಒಳ್ಳೆಯ ಮನುಷ್ಯ! ಬಾಗಿಲು ತಾನೇ ತೆರೆದುಕೊಟ್ಟಿದ್ದಾರೆ. ನಾನು ಒಂದು ಹೆಜ್ಜೆ ಒಳಗಿಟ್ಟರೆ ಸಾಕು. ಬಾಯಲ್ಲಿ ರೊಟ್ಟಿ ಇತ್ತು. ರೊಟ್ಟಿ ನುಂಗಿ ಹೇಳಿದೆ.

"ಪರವಾಗಿಲ್ಲ."

ಈ ಪರವಾಗಿಲ್ಲ ಅನ್ನುವ ಪದದ ಬಗ್ಗೆ ನಾವು ಒಂದು ದಿನ ಕೂತು ಮಾತಾಡಬೇಕು. ಹೊಸ ಸೊಸೆ ಮಾಡಿದ ಸಾರು ಹೇಗಿದೆ? ಪರವಾಗಿಲ್ಲ. (ಅಂದರೆ ನೀರು.) ಮಗಳು ನೋಡಿ ಬಂದ ಹುಡುಗ ಹೇಗೆ? ಪರವಾಗಿಲ್ಲ. (ಅಂದರೆ ಇನ್ನೊಂದು ಫೋಟೋ ಕಳಿಸಿ.) ಬಸ್ಸಿನಲ್ಲಿ ಯಾರೋ ಕಾಲು ತುಳಿದು ಸಾರಿ ಅಂದರು. ಪರವಾಗಿಲ್ಲ. (ಅಂದರೆ ಕಣ್ಣು ಕಾಣಲ್ವೇನಯ್ಯಾ.) ಆಪರೇಷನ್ ಆದ ಮಾರನೇ ದಿನ ಡಾಕ್ಟರು ನೋವಿದೆಯಾ ಅಂದರೆ, ಹಲ್ಲು ಕಚ್ಚಿಕೊಂಡು, ಪರವಾಗಿಲ್ಲ. ಹಾಗಂತ ಯಾವಾಗಲೂ ಕೆಟ್ಟದ್ದೇ ಅಂತಲೂ ಇಲ್ಲ. ಹುಬ್ಬು ಸ್ವಲ್ಪ ಮೇಲೇರಿಸಿ "ಪರ್ವಾಗಿಲ್ವೇ!" ಅಂದರೆ ಅದು ಮೆಚ್ಚುಗೆ. ಅರ್ಥವೆಲ್ಲ ಇರುವುದು ಹುಬ್ಬಿನಲ್ಲಿ, ತುಟಿಯ ಕೊನೆಯಲ್ಲಿ, ಪದಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದೆವು ಅನ್ನುವುದರಲ್ಲಿ. ಬೆಂಗಳೂರಿನ ಈ ಕಡೆ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈರಣ್ಣ ಈ ಕಡೆ ಬೆಳೆದವರಲ್ಲ. ಅವರ ಕಡೆ ಸರಿ ಇದ್ದರೆ 'ಅಡ್ಡಿಯಿಲ್ಲ' ಅನ್ನುತ್ತಾರೆ, ಅದರ ಅರ್ಥ ಅಡ್ಡಿ ಇಲ್ಲ ಅಂತಲೇ. ಸರಿ ಇಲ್ಲದಿದ್ದರೆ ಸರಿ ಇಲ್ಲ ಅನ್ನುತ್ತಾರೆ. ಅವರು ನನ್ನ ಪರವಾಗಿಲ್ಲವನ್ನು ತಮ್ಮ ಅಡ್ಡಿಯಿಲ್ಲದ ಪಕ್ಕದಲ್ಲಿಟ್ಟು ತೂಗಿ, ಎರಡೂ ಒಂದೇ ಅಂದುಕೊಂಡು ಖುಷಿಪಟ್ಟರು. ನಾನು ಎರಡು ಪ್ಯಾಕೆಟ್ ಶೇಂಗಾ ಚಟ್ನಿ ಹಿಡಿದು ಮನೆಗೆ ಬಂದೆ.

"ಏನಂದ್ರು?" ಅಂತ ಕೇಳಿದರು ಯಜಮಾನರು.

"ತುಂಬಾ ಒಳ್ಳೇವ್ರು ರೀ. ಹೇಳಕ್ಕೆ ಆಗ್ಲಿಲ್ಲ."

"ನಿನ್ನ ಕೈಲಿ ಆಗಲ್ಲ ಬಿಡು. ಇದು ಟೆಕ್ನಿಕಲ್ ವಿಷಯ, ನಾನು ಹೋಗ್ತೀನಿ" ಅಂತ ಹೊರಟರು. ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಕಡಕ್ ರೊಟ್ಟಿಯ ಕಟ್ಟು. ಪಂಪಿನ ಬಗ್ಗೆ ಸವಿಸ್ತಾರವಾದ ವರದಿ ಒಪ್ಪಿಸಿದರು. ಯಾವ ಕಂಪನಿ ಮೋಟರು, ಆಯಿಲ್ ಎಷ್ಟು ಹಿಡಿಯುತ್ತೆ, ಒಳಗಡೆ ರೆಕ್ಕೆಗಳು ಹೇಗೆ ತಿರುಗುತ್ತವೆ. ಎಲ್ಲ ಸರಿ, ಸದ್ದಿನ ವಿಷಯ? "ಅವರೇ ಕೇಳಿದ್ರು ಕಣೇ. ಪರವಾಗಿಲ್ಲ ಅಂದೆ" ಅಂದರು, ತಲೆ ಬೇರೆ ಕಡೆ ತಿರುಗಿಸಿಕೊಂಡು.

ಅಷ್ಟಾದರೂ ಈರಣ್ಣ ಸುಮ್ಮನಿರಲಿಲ್ಲ ಅನ್ನುವುದನ್ನು ಹೇಳಬೇಕು. ಒಂದು ದಿನ ತಾವಾಗಿಯೇ ಪ್ಲೈವುಡ್ ತರಿಸಿ ಪಂಪಿನ ಸುತ್ತ ಒಂದು ಪೆಟ್ಟಿಗೆ ಮಾಡಿಸಿದರು. ಒಳಗೆ ಹಳೇ ಹಾಸಿಗೆಯ ಹತ್ತಿ ತುಂಬಿಸಿದರು. ಸದ್ದು ನಿಜವಾಗಲೂ ತಗ್ಗಿತು. ನಾನು ಮಧ್ಯಾಹ್ನ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಸುಟ್ಟ ಎಣ್ಣೆಯ ವಾಸನೆ ಬೀದಿಗೆಲ್ಲ ಹರಡಿತು. ಪಂಪಿಗೂ ಉಸಿರಾಡಲು ಗಾಳಿ ಬೇಕಲ್ಲ? ಬೇರೆಯವರ ಗಾಳಿ ಎಳೆಯುವ ಯಂತ್ರ, ತನಗೇ ಗಾಳಿ ಸಿಗದೆ ಕಾದು ಕೆಂಪಾಗಿತ್ತು. ಅವಸರದಲ್ಲಿ ಮುಚ್ಚಳ ತೆಗೆದರು, ಹತ್ತಿ ಕಿತ್ತರು. ಉಳಿದದ್ದು ಮುಚ್ಚಳವಿಲ್ಲದ ಮರದ ಪೆಟ್ಟಿಗೆ, ಅದರೊಳಗೆ ಪಂಪು. ಅಂದರೆ ದೊಡ್ಡದೊಂದು ಹಾರ್ಮೋನಿಯಂ. ಈಗ ಗುರ್ರ್ ಅನ್ನುವುದರ ಜೊತೆಗೆ ಹಲಗೆಗಳು ಟಕಟಕ ತಾಳ ಹಾಕತೊಡಗಿದವು.

"ಈಗ ಹೆಂಗ್ರೀ ಅಕ್ಕಾರ? ಏನರ ಕಡಿಮಿ ಆತ?" ಅಂತ ಗೇಟಿನಲ್ಲಿ ನಿಂತು ಕೇಳಿದರು. ಪಾಪ, ಅಂಗೈಗೆ ಬಿಸಿ ತಾಗಿ ಬ್ಯಾಂಡೇಜ್ ಕಟ್ಟಿಕೊಂಡಿದ್ದರು. ಆ ಕೈ ನೋಡಿದ ಮೇಲೆ ಇನ್ನೇನು ಹೇಳಲಿ? ಪರವಾಗಿಲ್ಲ ಅಂದೆ. ಅವರು ನಕ್ಕು ಹೋದರು.

ಹೀಗೆ ನಾವೂ ಪಂಪೂ ಹೊಂದಿಕೊಂಡು ಇದ್ದುಬಿಡುತ್ತಿದ್ದೆವೇನೋ. ಅಷ್ಟರಲ್ಲಿ ಅತ್ತೆಯ ಕಿವಿ ಮಂದವಾಗುತ್ತಾ ಬಂತು.

ನಮ್ಮ ಅತ್ತೆ ಚಿತ್ರದುರ್ಗದವರು. ಮಾತು ಅವರಿಗೆ ಊಟದಷ್ಟೇ ಮುಖ್ಯ, ಒಂದೊಂದು ದಿನ ಊಟಕ್ಕಿಂತ ಮುಖ್ಯ. ಸಂಜೆಯಾದರೆ ಊರಿನಿಂದ ಅವರ ಅಕ್ಕ ಗಿರಿಜಮ್ಮ ಫೋನ್ ಮಾಡುವುದು, ಇಬ್ಬರೂ ಸೇರಿ ಇಡೀ ಜಿಲ್ಲೆಯ ನೆಂಟರನ್ನು ಒಬ್ಬೊಬ್ಬರಾಗಿ ವಿಚಾರಿಸಿಕೊಳ್ಳುವುದು ವಾಡಿಕೆ. ಆ ಫೋನು ನಿಧಾನವಾಗಿ ಚಿಕ್ಕದಾಯಿತು. ಗಿರಿಜಮ್ಮ ಮದುವೆ ಅಂದರೆ ಇವರು ತಿಥಿ ಅಂತ ಕೇಳಿಸಿಕೊಂಡು ಅಳಲು ಶುರು ಮಾಡಿದ್ದೂ ಆಯಿತು. ಕೊನೆಗೆ ಫೋನ್ ಬಂದರೆ "ನೀನೇ ಮಾತಾಡಮ್ಮ" ಅಂತ ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು. ನಾವೂ ಬದಲಾದೆವು. ಉದ್ದದ ವಾಕ್ಯಗಳನ್ನೆಲ್ಲ ಬಿಟ್ಟು, ಅವರ ಮುಂದೆ ನಿಂತು ಒಂದೊಂದೇ ಪದ ಕೂಗುತ್ತಿದ್ದೆವು. ಊಟ! ಮಾತ್ರೆ! ಸ್ನಾನ! ಟೆಲಿಗ್ರಾಂ ಭಾಷೆ.

ಅದಕ್ಕೇ ಕಿವಿ ತಂದದ್ದು. ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. "ಅಜ್ಜಿ, ಇದನ್ನ ದಿನವಿಡೀ ಹಾಕ್ಕೊಂಡಿರ್ಬೇಕು. ತೆಗೆದಿಟ್ರೆ ಮಾತು ಕೇಳೋ ಅಭ್ಯಾಸವೇ ತಪ್ಪಿಹೋಗುತ್ತೆ, ಆಮೇಲೆ ಹಾಕ್ಕೊಂಡ್ರೂ ಕಷ್ಟ."

ಮನೆಗೆ ಬಂದು ಯಜಮಾನರು ಎದುರು ಕೂತು ಕೇಳಿದರು. "ಅಮ್ಮ, ಹೇಗೆ ಕೇಳಿಸ್ತಿದೆ?"

ಅತ್ತೆ ಗೋಡೆಯ ಕಡೆ ಒಮ್ಮೆ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪರವಾಗಿಲ್ಲಪ್ಪ" ಅಂದರು.

ಈ ಮನುಷ್ಯ ಅದನ್ನು ನಂಬಿಬಿಟ್ಟರು! ನಾಗರಭಾವಿಯ ವಾಕಿಂಗ್ ಪಾರ್ಕಿನ ಗೆಳೆಯರಿಗೆಲ್ಲ, "ಸೂಪರ್ ಇದೆ ರೀ, ನಮ್ಮಮ್ಮನಿಗೆ ಈಗ ಸೊಳ್ಳೆ ಹಾರಿದ್ರೂ ಕೇಳುತ್ತೆ" ಅಂತ ಹೇಳಿಕೊಂಡು ಬಂದರು. ನಾನೇನು ಕಮ್ಮಿ? ತಂಗಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. ಪರವಾಗಿಲ್ಲದಲ್ಲಿ ಡಾಕ್ಟರೇಟ್ ಮಾಡಿದ ಇಬ್ಬರು ಮಹಾನುಭಾವರಿಗೆ ಮನೆಯ ಹಿರಿಯರ ಪರವಾಗಿಲ್ಲ ಅರ್ಥವಾಗಲಿಲ್ಲ.

ವಿಭೂತಿ ಡಬ್ಬದ ದಿನ ನಿಜ ಹೊರಬಿತ್ತು. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ ಬಿಡಿಸಿ ಕೇಳಿದೆ.

"ಅದು ಹಾಕ್ಕೊಂಡ್ರೆ ಪಂಪನ್ನ ನನ್ನ ತಲೆ ಒಳಗೇ ತಂದಿಟ್ಟಂಗಾಗ್ತೈತೆ ಕಣಮ್ಮ. ನಿಮ್ಮ ಮಾತು ಅದರ ಹಿಂದೆ ಎಲ್ಲೋ ಗೊಣಗೊಣ ಅಂತೈತೆ. ಅಕ್ಕನ ಮಾತು ಅದೂ ಇಲ್ಲ. ತೆಗೆದಿಟ್ರೆ ಪಂಪೂ ಇಲ್ಲ, ನೀವೂ ಇಲ್ಲ. ಅದೇ ವಾಸಿ."

ಸಿಟ್ಟು ಬಂತು ನನಗೆ. ಅತ್ತೆಯ ಮೇಲಲ್ಲ, ಈರಣ್ಣನ ಮೇಲೂ ಅಲ್ಲ, ಆ ಪದದ ಮೇಲೆ. ಭಯವೂ ಆಯಿತು. ಅವರು ಹೇಳಿದ ರೀತಿ ಹಾಗಿತ್ತು. ಗಲಾಟೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವವರ ಹಾಗೆ, ನಮ್ಮನ್ನೆಲ್ಲ ಹೊರಗೆ ಬಿಟ್ಟು ಚಿಲಕ ಹಾಕಿಕೊಳ್ಳಲು ಅವರು ತೀರ್ಮಾನಿಸಿದ್ದರು. ಹೀಗೇ ಬಿಟ್ಟರೆ ಡಾಕ್ಟರು ಹೇಳಿದ್ದು ಆಗಿಯೇ ಹೋಗುತ್ತದೆ. ನಮಗಿರುವುದು ಒಬ್ಬರೇ ಅತ್ತೆ.

ಮಾರನೇ ದಿನ ಅತ್ತೆಯ ಎರಡೂ ಕಿವಿ ಒರೆಸಿ, ಹಾಕಿ, ಕೈ ಹಿಡಿದುಕೊಂಡು ಪಕ್ಕದ ಶೆಡ್ಡಿಗೆ ನಡೆದೆ. ಯಜಮಾನರು ಹಿಂದೆ ಬಂದರು. ಹೋಗುವ ಮೊದಲು ಮನೆಯಲ್ಲಿ ಒಂದು ನಿಯಮ ಮಾಡಿದ್ದೆ. ಅಲ್ಲಿ ಏನನ್ನೂ ತಿನ್ನಕೂಡದು. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಜಗಳ ಆಡಲು ಆಗುವುದಿಲ್ಲ ಅನ್ನುವುದು ನನ್ನ ಅನುಭವ.

"ಬರ್ರಿ ಅಮ್ಮಾರ, ಬರ್ರಿ!" ಅಂತ ಈರಣ್ಣ ಕುರ್ಚಿ ಒರೆಸಲು ಓಡಿದರು. ಚಹಾ ಬೇಡ ಅಂದೆ. ರೊಟ್ಟಿಯೂ ಬೇಡ ಅಂದೆ. ಅವರ ಮುಖ ಸಣ್ಣದಾಯಿತು. ಆ ಮುಖ ನೋಡಿದರೆ ಮತ್ತೆ ನಾಲಿಗೆ ಎಡವುತ್ತದೆ ಅಂತ ಗೊತ್ತಿತ್ತು, ಅದಕ್ಕೆ ಪಂಪನ್ನೇ ನೋಡಿಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಈರಣ್ಣ, ಇದರ ಸದ್ದು ತಡೆಯಕ್ಕಾಗ್ತಿಲ್ಲ. ನಮ್ಮತ್ತೆಗೆ ಮಾತೇ ಕೇಳಿಸ್ತಿಲ್ಲ. ಕಿವಿ ತೆಗೆದು ದೇವರ ಮನೇಲಿ ಇಟ್ಟಿದ್ದಾರೆ."

ಈರಣ್ಣ ನನ್ನನ್ನು ನೋಡಿದರು, ಯಜಮಾನರನ್ನು ನೋಡಿದರು. ಪಂಪಿನ ಸ್ವಿಚ್ ಆರಿಸಿದರು. ಒಮ್ಮೆಗೇ ಬಂದ ಆ ನಿಶ್ಶಬ್ದದಲ್ಲಿ ಅವರ ದನಿ ದೊಡ್ಡದಾಗಿ ಕೇಳಿಸಿತು.

"ಮತ್ತ ಪರವಾಗಿಲ್ಲ ಅಂದ್ರಲ್ಲರೀ!"

"ಅಂದೆ."

"ಪೆಟಗಿ ಮಾಡಿಸಿದಾಗನೂ ಕೇಳಿದೆ. ಪರವಾಗಿಲ್ಲ ಅಂದ್ರಿ. ಸಾಹೇಬ್ರನ್ನೂ ಕೇಳಿದೆ, ಅವರೂ ಅಂದ್ರು. ನಮ್ಮ ಕಡೆ ಬ್ಯಾಡಂದ್ರ ಬ್ಯಾಡ ಅಂತೀವ್ರಿ. ನೀವು ಛಲೋ ಇದ್ರೂ ಪರವಾಗಿಲ್ಲ, ಕೆಟ್ಟಿದ್ರೂ ಪರವಾಗಿಲ್ಲ ಅಂದ್ರ ನಾ ಹೆಂಗ ತಿಳಕೋಬೇಕರೀ?"

ಹುಬ್ಬು ನೋಡಿ ತಿಳ್ಕೋಬೇಕು ಅನ್ನಲೇ? ಯಜಮಾನರು ಸೀಲಿಂಗ್ ಶೀಟಿನ ನಟ್ಟುಬೋಲ್ಟು ಪರಿಶೀಲಿಸುತ್ತಿದ್ದರು.

ಈರಣ್ಣ ಗೋಡೆಯ ಮೇಲಿನ ಅಟ್ಟದತ್ತ ಹೋದರು. ಅಗಸಿ ಚಟ್ನಿಯ ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸಿ, ಅವುಗಳ ಅಡಿಯಲ್ಲಿದ್ದ ಒಂದು ರಟ್ಟಿನ ಪೆಟ್ಟಿಗೆ ತೆಗೆದರು. ಅಂಟಿಸಿದ ಟೇಪು ಕೂಡ ಕಿತ್ತಿರಲಿಲ್ಲ. ಒಳಗೆ ಪಂಪಿನ ಸೈಲೆನ್ಸರು, ರಬ್ಬರಿನ ಕಾಲುಗಳು.

"ಪಂಪು ಕೂಡ್ಸೋ ದಿನಾನ ಮೆಕ್ಯಾನಿಕ್ ಸಲೀಂ ಭಾಯ್ ತಂದಿದ್ರು. ಬಾಜೂಕ ಮನಿ ಅದಾವು, ಹಾಕೂಣೇನು ಅಂದ್ರು. ಮೊದಲು ಕೇಳೂಣ ಅಂದೆ. ನೀವು ಅಡ್ಡಿಯಿಲ್ಲ ಅಂದ್ರಿ. ಮತ್ಯಾಕ ಅಂತ ಎತ್ತಿಟ್ಟೆ. ಪೆಟಗಿ ಮಾಡಿಸೋ ಹೊತ್ತಿಗೆ ಮರತೇ ಬಿಟ್ಟಿದ್ದೆ ನೋಡ್ರಿ."

ಅಂದರೆ ಇಷ್ಟು ದಿನ ಔಷಧಿ ನಮ್ಮ ಗೋಡೆಯಿಂದ ಒಂದು ಮಾರು ದೂರದಲ್ಲಿ, ಚಟ್ನಿ ಡಬ್ಬಕ್ಕೆ ಮಣೆಯಾಗಿ ಕೂತಿತ್ತು. ನಮ್ಮ ಬಾಯಿಂದ ಒಂದು 'ಇಲ್ಲ' ಬಂದಿದ್ದರೆ ಸಾಕಿತ್ತು. ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ಅತ್ತೆ ಮಾತ್ರ ನಕ್ಕರು. ಅವರಿಗೆ ಪಂಪು ನಿಂತಿದ್ದರಿಂದ ಎಲ್ಲ ಕೇಳಿಸಿತ್ತು.

ಕಾಮಾಕ್ಷಿಪಾಳ್ಯದಿಂದ ಸಲೀಂ ಭಾಯ್ ಬಂದರು. ಪಂಪು ರಿಪೇರಿಯೇ ಅವರ ಕಸುಬು. ಬಂದವರೇ ಹಾರ್ಮೋನಿಯಂ ಪೆಟ್ಟಿಗೆ ನೋಡಿ, "ಇದು ಯಾರ್ದು ಐಡಿಯಾ ಈರಣ್ಣಾ?" ಅಂತ ನಕ್ಕರು. ಈರಣ್ಣ ಮಾತು ಬದಲಿಸಿದರು. ಮೊದಲು ಪಂಪನ್ನು ನಮ್ಮ ಗೋಡೆಯಿಂದ ಎತ್ತಿ ರಸ್ತೆ ಕಡೆಗೆ ಸರಿಸುವುದು, ಆಮೇಲೆ ರಬ್ಬರ್ ಕಾಲು, ಗೋಡೆಗೆ ಕ್ಲ್ಯಾಂಪ್ ಹಾಕಿದ್ದ ಕಬ್ಬಿಣದ ಪೈಪಿನ ಬದಲು ಬಾಗುವ ಹೋಸು, ಕೊನೆಗೆ ಗಾಳಿ ಹೊರಬರುವ ಬಾಯಿಗೆ ಸೈಲೆನ್ಸರು ಅಂತ ಲೆಕ್ಕ ಹಾಕಿದರು. ಅವರು ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ತೆರೆದಿಟ್ಟರು. ಯಜಮಾನರು ಕನ್ನಡಕ ಏರಿಸಿ ಅದರ ಮೇಲೆ ಬಗ್ಗಿದರು.

"ಆ ನಂಬರು ನಮಗ್ಯಾಕ್ರೀ?" ಅಂದರು ಈರಣ್ಣ. "ಅಮ್ಮಾರಿಗೆ ಹೆಂಗ ಕೇಳ್ತದ ಅನ್ನೋದು ಮುಖ್ಯ. ಅಮ್ಮಾರ, ಕುಂದರ್ರಿ. ಒಂದ ಕಂಡೀಷನ್. ಆ ಶಬ್ದ ಮಾತ್ರ ಅನ್ನಬಾರದು!"

ಯಾವ ಶಬ್ದ ಅಂತ ಎಲ್ಲರಿಗೂ ಗೊತ್ತಿತ್ತು. ಅತ್ತೆ ನಮ್ಮ ಅಡುಗೆಮನೆಯಲ್ಲಿ, ಲೋಟದ ಸ್ಟ್ಯಾಂಡಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಪರವಾಗಿಲ್ಲ ಅನ್ನದೆ ಸದ್ದನ್ನು ಹೇಳುವುದು ಹೇಗೆ? ಸ್ವಲ್ಪ ಯೋಚಿಸಿ, ಸುತ್ತ ಕಣ್ಣಾಡಿಸಿ, ತಮ್ಮದೇ ಒಂದು ಅಳತೆ ಕಂಡುಕೊಂಡರು. ಪಂಪು ಜಾಗ ಬದಲಿಸಿ ಸ್ವಿಚ್ ಹಾಕಿದಾಗ ಕಿಟಕಿಯಿಂದ ಕೂಗಿದರು.

"ಮಿಕ್ಸಿ!"

ಸಲೀಂ ಭಾಯ್ ರಬ್ಬರ್ ಕಾಲು ಕೂರಿಸಿದರು.

"ಮಿಕ್ಸಿನೇ. ಆದ್ರೆ ಮುಚ್ಚಳ ಒತ್ತಿ ಹಿಡ್ಕೊಂಡಂಗೈತೆ."

ಹೋಸು ಬದಲಾಯಿಸಿದರು. ಲೋಟಗಳು ಮಾತು ನಿಲ್ಲಿಸಿದವು.

"ಗ್ರೈಂಡರು!"

ಸೈಲೆನ್ಸರು ತಿರುಗಿಸಿ ಬಿಗಿ ಮಾಡಿದರು. ಅತ್ತೆ ಬಹಳ ಹೊತ್ತು ಏನೂ ಅನ್ನಲಿಲ್ಲ. ನಾವೆಲ್ಲ ಕಿಟಕಿಯನ್ನೇ ನೋಡುತ್ತಿದ್ದೆವು. ಈರಣ್ಣ ಕೈ ಮುಗಿದುಕೊಂಡು ನಿಂತಿದ್ದರು.

"ಪಂಪು ಹಾಕಿದ್ರಾ?" ಅಂತ ಒಳಗಿಂದ ದನಿ ಬಂತು.

"ಹಾಕೇವ್ರೀ ಅಮ್ಮಾರ!"

"ಹಂಗಾದ್ರೆ ಫ್ರಿಜ್ಜು!"

ಈರಣ್ಣ ಕುಣಿಯುವುದೊಂದು ಬಾಕಿ. ಸಲೀಂ ಭಾಯ್ ಫೋನ್ ಜೇಬಿಗೆ ಹಾಕಿಕೊಂಡು, "ಇದೇ ಕರೆಕ್ಟ್ ಮೀಟರ್ ಸಾರ್" ಅಂದರು. ಯಜಮಾನರಿಗೆ ನಂಬರು ಬರೆದುಕೊಳ್ಳಲಾಗಲಿಲ್ಲವಲ್ಲ ಅಂತ ಬೇಸರ. ಆ ದಿನ ನಿಯಮ ಮುರಿದು ಎಲ್ಲರೂ ರೊಟ್ಟಿ ತಿಂದೆವು. ಶೇಂಗಾ ಚಟ್ನಿಯಲ್ಲಿ ಉಪ್ಪು ಸ್ವಲ್ಪ ಮುಂದಿತ್ತು. "ಹೆಂಗದ ರೀ?" ಅಂತ ಈರಣ್ಣ ಕೇಳಿದಾಗ ನಾನೂ ಯಜಮಾನರೂ ತಟ್ಟೆ ನೋಡಿದೆವು. "ಉಪ್ಪು ಜಾಸ್ತಿ ಆಗೈತಪ್ಪ" ಅಂದರು ಅತ್ತೆ. ಈರಣ್ಣನ ಮುಖ ಅರಳಿದ ಪರಿ ನೋಡಬೇಕಿತ್ತು ನೀವು. ಬೆಂಗಳೂರಿಗೆ ಬಂದ ಮೇಲೆ ಅವರಿಗೆ ಸಿಕ್ಕ ಮೊದಲ ನೇರ ಉತ್ತರ ಅದೇ ಇರಬೇಕು.

ಸುಖಾಂತ್ಯ ಅಂತ ನಾನು ಅಂಕಣವನ್ನು ಇಲ್ಲಿಗೇ ಮುಗಿಸಬೇಕು ಅಂದುಕೊಂಡಿದ್ದೆ.

ಮೊನ್ನೆ ಸಂಜೆ ಗಿರಿಜಮ್ಮನ ಫೋನು ಬಂತು. ಅತ್ತೆ ನನ್ನ ಕೈಗೆ ಕೊಡಲಿಲ್ಲ. ತಾವೇ ಎತ್ತಿಕೊಂಡರು, ಕಾಲು ಚಾಚಿ ಕೂತರು. ಚಿತ್ರದುರ್ಗದ ನೆಂಟರೆಲ್ಲ ಸಾಲಾಗಿ ಬಂದು ಹೋದರು. ಯಾರದೋ ಮದುವೆ ಮದುವೆಯಾಗಿಯೇ ಉಳಿಯಿತು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ದಿನದ ಮೇಲೆ ಆ ನಗು ಕೇಳಿ ನನಗೆ ಕಣ್ಣು ತುಂಬಿ ಬಂತು. ಕೊನೆಗೆ ಆ ಕಡೆಯಿಂದ ಗಿರಿಜಮ್ಮ, "ನೀನು ಹೆಂಗಿದೀಯೇ?" ಅಂತ ಕೇಳಿರಬೇಕು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪರವಾಗಿಲ್ಲ ಕಣಕ್ಕ" ಅಂದರು.

ನಾನೂ ಯಜಮಾನರೂ ಇದ್ದಲ್ಲೇ ನಿಂತೆವು. ಈಗ ನಮಗೂ ಹುಬ್ಬು ನೋಡುವುದು ಬಂದುಬಿಟ್ಟಿದೆ. ಫೋನ್ ಇಟ್ಟ ಮೇಲೆ ಪಕ್ಕದಲ್ಲಿ ಕೂತೆ.

"ಪಂಪಿನ ಸದ್ದು ಇನ್ನೂ ಇದೆಯಾ ಅತ್ತೆ?"

"ಇಲ್ಲಮ್ಮ. ಫ್ರಿಜ್ಜಿನಷ್ಟೇ."

"ಕಿವಿ ಚುಚ್ಚುತ್ತಾ?"

"ಇಲ್ಲ."

"ಮತ್ತೆ ಪರವಾಗಿಲ್ಲ ಅಂದ್ರಲ್ಲ? ಏನಾಯ್ತು, ಸರಿಯಾಗಿ ಹೇಳಿ."

ಅತ್ತೆ ಸೆರಗಿನ ತುದಿ ಸರಿ ಮಾಡಿಕೊಂಡರು. ದೂರು ಹೇಳುವ ದನಿಯೇ ಅಲ್ಲ ಅದು. ಉಪ್ಪು ಜಾಸ್ತಿ ಅಂದರಲ್ಲ, ಅದೇ ದನಿ.

"ಎಲ್ಲಾ ಕೇಳಿಸ್ತೈತೆ. ಗಡಿಯಾರ ಕೇಳಿಸ್ತೈತೆ, ಬೀದಿ ತರಕಾರಿಯವನು ಕೇಳಿಸ್ತಾನೆ. ಬೆಳಿಗ್ಗೆಯಿಂದ ಎರಡೂ ಕಿವಿ ಹಾಕ್ಕೊಂಡು ಕೂತಿದೀನಿ. ನೀವಿಬ್ರೂ ಊಟ, ಮಾತ್ರೆ, ಸ್ನಾನ ಬಿಟ್ರೆ ನನ್ನ ಹತ್ರ ಇನ್ನೇನೂ ಮಾತಾಡಲೇ ಇಲ್ಲವಲ್ಲ."

ನಾನು ಯಜಮಾನರ ಮುಖ ನೋಡಿದೆ. ಅವರು ಟೀವಿ ಆರಿಸಿ, ಕುರ್ಚಿ ಎಳೆದುಕೊಂಡು ಅಮ್ಮನ ಎದುರು ಕೂತರು. ಕೂತವರು ಏನು ಮಾತಾಡಬೇಕು ಅಂತ ಹುಡುಕುತ್ತಿದ್ದರು. ಮನೆಯಲ್ಲಿ ಫ್ರಿಜ್ಜಿನ ಸದ್ದು ಮಾತ್ರ ಕೇಳುತ್ತಿತ್ತು.

ಪಂಪಿಗೆ ಸೈಲೆನ್ಸರ್ ಹಾಕಿದ್ದು ಈರಣ್ಣ. ನಮ್ಮಿಬ್ಬರಿಗೆ ಹಾಕಿದ್ದು ಯಾರು?